ದನಗಳಿಗೆ ಕೊಟ್ಟಿಗೆ, ನನಗೆ ಸಲಹೆ

2021ರ ಮಾರ್ಚ್‌ನಲ್ಲಿ ಭಾರತೀಯ ಸೇನೆ ನನ್ನನ್ನೂ ದನಗಳನ್ನೂ ಒಂದೇ ತಿಂಗಳಲ್ಲಿ ಬಿಟ್ಟುಕೊಟ್ಟಿತು.

ದನ ಅಂದರೆ ನಿಜವಾದ ದನ, ಹಾಲು ಕೊಡುವಂಥದ್ದು. ಸೇನೆಯಲ್ಲಿ ಮಿಲಿಟರಿ ಫಾರ್ಮ್ಸ್ ಅಂತ ಒಂದು ವಿಭಾಗ ಇತ್ತು. 1889ರ ಫೆಬ್ರವರಿ 1ಕ್ಕೆ ಅಲಹಾಬಾದಿನಲ್ಲಿ ಅದರ ಮೊದಲ ಫಾರ್ಮು ಶುರುವಾಯಿತು. ಆಮೇಲೆ ಕಂಟೋನ್ಮೆಂಟ್ ಇದ್ದಲ್ಲೆಲ್ಲ ಕೊಟ್ಟಿಗೆ ಎದ್ದಿತು. ವರ್ಷಕ್ಕೆ ಮೂರೂವರೆ ಕೋಟಿ ಲೀಟರ್ ಹಾಲು ಕೊಟ್ಟ ವಿಭಾಗ ಅದು. 1971ರ ಯುದ್ಧಕ್ಕೂ ಹಾಲು ಹೋಗಿತ್ತು, ಕಾರ್ಗಿಲ್‌ ಯುದ್ಧಕ್ಕೂ ಹೋಗಿತ್ತು. ಆದರೆ ಈಗ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದಲ್ಲ, ಮತ್ತೆ ದನ ಯಾಕೆ? 2017ರಲ್ಲಿ ಸರಕಾರ 39 ಫಾರ್ಮುಗಳನ್ನು ಮುಚ್ಚುವುದು ಅಂತ ತೀರ್ಮಾನಿಸಿತು. 2021ರ ಮಾರ್ಚ್ 31ಕ್ಕೆ ದೆಹಲಿ ಕಂಟೋನ್ಮೆಂಟಿನಲ್ಲಿ ಒಂದು ಧ್ವಜ ಸಮಾರಂಭ ಮಾಡಿ, 132 ವರ್ಷದ ಕೊಟ್ಟಿಗೆಗೆ ಬಾಗಿಲು ಹಾಕಿದರು.

ನನ್ನ 10 ವರ್ಷದ ಶಾರ್ಟ್ ಸರ್ವಿಸ್ ಕಮಿಷನ್ ಮುಗಿದದ್ದೂ ಅದೇ ತಿಂಗಳು. ನನಗೆ ಯಾರೂ ಧ್ವಜ ಸಮಾರಂಭ ಮಾಡಲಿಲ್ಲ. ಸ್ಟೋರ್ಸಿನ ಹವಾಲ್ದಾರ್ ಒಬ್ಬರು ಲೆಡ್ಜರ್ ತೆರೆದು, 2014ರಲ್ಲಿ ನನ್ನ ಹೆಸರಿಗೆ ಕೊಟ್ಟ "ಬಕೆಟ್, ತಗಡಿನದು, ಒಂದು" ಎಲ್ಲಿ ಅಂತ ಕೇಳಿದರು. ಸೇನೆಯಲ್ಲಿ ವಸ್ತುವಿನ ಹೆಸರು ಮೊದಲು, ಗುಣ ಆಮೇಲೆ, ಸಂಖ್ಯೆ ಕೊನೆಗೆ. ನನ್ನ ಹೆಸರೂ ಎಲ್ಲೋ ಒಂದು ಕಡೆ "ಮೇಜರ್, ಶಾರ್ಟ್ ಸರ್ವಿಸ್, ಒಂದು" ಅಂತ ಇದ್ದಿರಬೇಕು. ಬಕೆಟ್ಟಿನ ದುಡ್ಡು ಕಟ್ಟಿ ಸಹಿ ಹಾಕಿಸಿಕೊಂಡು ರೈಲು ಹತ್ತಿದೆ.

ದನಗಳ ವಿಷಯದಲ್ಲಿ ಇಷ್ಟು ಅವಸರ ಮಾಡಲಿಲ್ಲ ಮಾರಾಯ್ರೆ. ಅವುಗಳನ್ನು ಸುಮ್ನೆ ಗೇಟಿನ ಹೊರಗೆ ಅಟ್ಟಲಿಲ್ಲ. ಸರಕಾರಿ ಇಲಾಖೆಗಳಿಗೆ, ಸಹಕಾರಿ ಡೇರಿಗಳಿಗೆ ಕೊಟ್ಟರು. ಮೇಲಿನಿಂದ ಅವು ಫ್ರೀಸ್ವಾಲ್ ತಳಿಯವು. ಹೋಲ್‌ಸ್ಟೀನ್ ಫ್ರೀಸಿಯನ್ ಮತ್ತು ಸಾಹಿವಾಲ್ ಸೇರಿಸಿ, ಕೃಷಿ ಸಂಶೋಧನಾ ಪರಿಷತ್ತಿನ ಜತೆ ವರ್ಷಗಟ್ಟಲೆ ಕೆಲಸ ಮಾಡಿ ಬೆಳೆಸಿದ ತಳಿ. ಬಯೋಡೇಟಾದ ಮೊದಲ ಸಾಲಿಗೇ ಹಾಕಿಕೊಳ್ಳಬಹುದು. ನನಗೆ ನನ್ನ ಬಯೋಡೇಟಾದ ಮೊದಲ ಸಾಲು ಬರೆಯಲಿಕ್ಕೆ ಮೂರು ದಿನ ಬೇಕಾಯಿತು.

ಯಾಕೆಂದರೆ ನಾನು ಆರ್ಮಿ ಸರ್ವಿಸ್ ಕೋರ್‌ನವನು. ಸೇನೆಯ ಅಕ್ಕಿ, ಬೇಳೆ, ಎಣ್ಣೆ, ಪೆಟ್ರೋಲು, ಗಾಡಿ, ಹೇಸರಗತ್ತೆ ಎಲ್ಲ ನಮ್ಮ ಸುಪರ್ದಿ. ನನ್ನ ಸೇವೆಯಲ್ಲಿ ನಾನು ಬಂದೂಕಿಗಿಂತ ಈರುಳ್ಳಿಯನ್ನೇ ಜಾಸ್ತಿ ನೋಡಿದ್ದೇನೆ. ಬಯೋಡೇಟಾ ತಿದ್ದಿಕೊಡುವ ಒಬ್ಬ ಚುರುಕಿನ ಹುಡುಗ ಫೋನಿನಲ್ಲಿ ಎಲ್ಲ ಕೇಳಿಕೊಂಡ. ಈರುಳ್ಳಿ ಮೂಟೆ ಅವನ ಕೈಯಲ್ಲಿ "ಪೆರಿಶಬಲ್ ಇನ್ವೆಂಟರಿ" ಆಯಿತು. ಹೇಸರಗತ್ತೆಯ ಬಗ್ಗೆ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸರ್, ಇದನ್ನು ಲಾಸ್ಟ್ ಮೈಲ್ ಡೆಲಿವರಿ ಅಂತ ಹಾಕೋಣ" ಅಂದ. ಬೆಟ್ಟದ ತುದಿಯ ಪೋಸ್ಟಿಗೆ ಸೀಮೆಎಣ್ಣೆ ಹೊತ್ತು, ಅರ್ಧ ದಾರಿಯಲ್ಲಿ ಮುನಿಸಿಕೊಂಡು ನಿಂತುಬಿಡುತ್ತಿದ್ದ ಆ ಪ್ರಾಣಿಗೆ ಇಷ್ಟು ದೊಡ್ಡ ಹುದ್ದೆ ಸಿಕ್ಕಿದ್ದು ಅದಕ್ಕೆ ಗೊತ್ತಾಗಲೇ ಇಲ್ಲ.

ಶಾರ್ಟ್ ಸರ್ವಿಸ್ ಅಂದರೆ ಏನು ಅಂತ ಉಡುಪಿಯಲ್ಲಿ ಹೇಳಿ ಅರ್ಥ ಮಾಡಿಸುವುದು ಕಷ್ಟ. ಚೆನ್ನೈಯ ಓ.ಟಿ.ಎ., ಅಂದರೆ ಆಫೀಸರ್‌ಗಳ ತರಬೇತಿ ಅಕಾಡೆಮಿಯಲ್ಲಿ 49 ವಾರ ತರಬೇತಿ. ಆಮೇಲೆ 10 ವರ್ಷ ಸೇವೆ. ಬೇಕಾದರೆ ಇನ್ನು ನಾಲ್ಕು ವರ್ಷ ಸೇರಿಸಿಕೊಳ್ಳಬಹುದು. ಕಾಯಂ ಆಗಬೇಕಾದರೆ ಬೋರ್ಡು ನಿಮ್ಮನ್ನು ಆರಿಸಬೇಕು. ಆರಿಸದಿದ್ದರೆ ಗ್ರಾಚುಟಿ ತೆಗೆದುಕೊಂಡು ಹೊರಡಬೇಕು. ಆಫೀಸರ್‌ಗಳಿಗೆ ಪಿಂಚಣಿ ಬರಬೇಕಾದರೆ 20 ವರ್ಷ ಆಗಬೇಕು, ಹಾಗಾಗಿ ಅದು ಇಲ್ಲ. ಇದರ ಹಿಂದೆ ಒಂದು ಲೆಕ್ಕ ಇದೆ. ಮೇಲೆ ಹೋದಷ್ಟೂ ಕುರ್ಚಿ ಕಮ್ಮಿ, ಕೆಳಗೆ ಮಾತ್ರ ತುಂಬ ಜನ ಬೇಕು. ಎ.ವಿ. ಸಿಂಗ್ ಸಮಿತಿ ಅಂತ ಒಂದು ಸಮಿತಿ, ಒಬ್ಬ ಕಾಯಂ ಆಫೀಸರ್‌ಗೆ 1.1ರಷ್ಟು ಶಾರ್ಟ್ ಸರ್ವಿಸ್‌ನವರು ಇರಲಿ ಅಂತ ಹೇಳಿತ್ತು. ನಾವು ಕೋರ್ಸ್‌ಮೇಟುಗಳು ಒಟ್ಟಾದಾಗೆಲ್ಲ ಈ ಪಾಯಿಂಟ್ ಒಂದು ಯಾರು ಅಂತ ಜಗಳ ಆಗುತ್ತಿತ್ತು. ಒಟ್ಟಿನಲ್ಲಿ ಸೇನೆಗೆ ಹುಡುಗರು ಬೇಕು, ಹುಡುಗರಿಗೆ ವಯಸ್ಸಾಗಬಾರದು.

ನಾನು ಕೊನೆಗೆ ಇದನ್ನು ಮೇಳದ ಭಾಷೆಯಲ್ಲಿ ಹೇಳಲು ಕಲಿತೆ. ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಹಿಷಾಸುರನ ವೇಷ ಹಾಕಿ ಆರು ತಿಂಗಳು ಊರೂರು ಹೆದರಿಸಿದವನೂ ಅವತ್ತು ಗೆಜ್ಜೆ ಬಿಚ್ಚಲೇಬೇಕು. ಅವನು ಚೆನ್ನಾಗಿ ಕುಣಿಯಲಿಲ್ಲ ಅಂತ ಅಲ್ಲ. ತಿರುಗಾಟ ಮುಗಿಯಿತು, ಅಷ್ಟೆ. ನನ್ನದೂ ಪತ್ತನಾಜೆ. ಹಾಗೆ ಹೇಳಿದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಆದರೆ ತಕ್ಷಣ ಮುಂದಿನ ಪ್ರಶ್ನೆ: "ಹಾಗಾದ್ರೆ ಮುಂದಿನ ವರ್ಷ ಯಾವ ಮೇಳ?"

ಅಲ್ಲಿ ನಾನು ಸಿಕ್ಕಿಬಿದ್ದೆ.

ನಾನು ಊರಿಗೆ ಬಂದು ತಿಂಗಳಾಗುವುದರೊಳಗೆ ಕೊರೊನಾದ ಎರಡನೇ ಅಲೆ. ಬಾಗಿಲು ಹಾಕಿಕೊಂಡು ಎಲ್ಲರೂ ಮನೆಯಲ್ಲಿ. ಮಾಡಲಿಕ್ಕೆ ಬೇರೆ ಕೆಲಸ ಇಲ್ಲದ ಕಾರಣ ಕುಂಜಿಬೆಟ್ಟಿನ ನಮ್ಮ ಓಣಿಯವರೆಲ್ಲ ನನ್ನ ಕೆಲಸದ ಬಗ್ಗೆ ಯೋಚನೆ ಮಾಡಲು ಶುರುಮಾಡಿದರು. ಮಾಸ್ಕ್ ಹಾಕಿಕೊಂಡು ಕಂಪೌಂಡಿನ ಆಚೆಯಿಂದ.

"ಎಂತ ಮಾರಾಯ, ರಜೆಯಾ?"

"ಅಲ್ಲ, ಬಿಟ್ಟು ಬಂದೆ."

"ಬಿಟ್ಟದ್ದಾ, ಬಿಡಿಸಿದ್ದಾ?"

"ಮುಗೀತು."

"ಮುಗಿಯುದು ಅಂದ್ರೆ ಎಂತ? ಮಿಲಿಟ್ರಿ ಉಂಟಲ್ಲ ಇನ್ನೂ?"

ಅಪ್ಪ ಬ್ಯಾಂಕಿನಲ್ಲಿದ್ದವರು. ಮೂರು ದಿನ ಈ ಸಂವಾದ ಕೇಳಿ ನಾಲ್ಕನೇ ದಿನ ನನ್ನನ್ನು ಒಳಗೆ ಕರೆದರು. "ವಿ.ಆರ್.ಎಸ್. ಅಂತ ಹೇಳು. ಯಾರೂ ಮತ್ತೆ ಮಾತಾಡುದಿಲ್ಲ" ಅಂದರು. ಅವರು ಹೇಳಿದ್ದು ಸರಿ. ನಮ್ಮೂರಿಗೆ ಬ್ಯಾಂಕಿನ ಭಾಷೆ ಬೇಗ ತಾಗುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಹೋಟೆಲು ಮತ್ತು ಬ್ಯಾಂಕು ಬಿಟ್ಟರೆ ನಾವು ಜಗತ್ತಿಗೆ ಕೊಟ್ಟದ್ದೇನು ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ. 2000-01ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದಾಗ ದೇಶದಲ್ಲಿ ಸುಮಾರು ಒಂದು ಲಕ್ಷ ಜನ ಅದನ್ನು ತೆಗೆದುಕೊಂಡರು. ಅವರಲ್ಲಿ ನಾಲ್ಕು ಜನ ನಮ್ಮ ಓಣಿಯಲ್ಲೇ ಇದ್ದಾರೆ. ನಾಲ್ವರೂ ಗೌರವಸ್ಥರು. ವಿ.ಆರ್.ಎಸ್. ಅಂದ ಕೂಡಲೇ ನಾನು ಐದನೆಯವನಾದೆ. ಒಬ್ಬರು ಮಾತ್ರ "33 ವರ್ಷಕ್ಕೆ ವಿ.ಆರ್.ಎಸ್. ಕೊಡ್ತಾರಾ? ಒಳ್ಳೆ ಸ್ಕೀಮು" ಅಂತ ಮಗನಿಗೆ ಫೋನು ಮಾಡಿದರು.

ಆಮೇಲೆ ಸಲಹೆಗಳು. ದೊಡ್ಡಮ್ಮ ಮೊದಲನೆಯವರು. "ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಉಂಟಲ್ಲ, ಅಲ್ಲಿಗೆ ಟ್ರಾನ್ಸ್‌ಫರ್ ಹಾಕಿಸ್ಕೊ. ಮನೆಯಿಂದ್ಲೇ ಹೋಗಿ ಬರಬಹುದು" ಅಂದರು. ಅವರ ಪ್ರಕಾರ ಸೇನೆ, ಕೋಸ್ಟ್ ಗಾರ್ಡ್ ಎಲ್ಲ ಒಂದೇ ಬ್ಯಾಂಕಿನ ಬೇರೆ ಬೇರೆ ಬ್ರಾಂಚ್. ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಏಜೆಂಟರೊಬ್ಬರು ಟೈಮ್ ಕೀಪರ್ ಆಗಲು ಕರೆದರು. ಮುಂದಿನ ಬಸ್ಸು ಎರಡು ನಿಮಿಷ ನಿಂತುಬಿಟ್ಟರೆ ಹಿಂದಿನ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತುಕೊಂಡು ಯುದ್ಧ ಘೋಷಣೆ ಮಾಡುತ್ತಾನಲ್ಲ, ಅದಕ್ಕೆ ಮಿಲಿಟ್ರಿಯವರೇ ಸರಿ ಅಂತ ಅವರ ಅಭಿಪ್ರಾಯ. ನಾನು ಗಂಭೀರವಾಗಿ ಯೋಚಿಸಿದೆ. ಗಡಿಯಲ್ಲಿ ಕದನವಿರಾಮ ಅಂತ ಒಂದಾದರೂ ಇದೆ, ಉಡುಪಿ-ಮಂಗಳೂರು ರೂಟಿನಲ್ಲಿ ಅದೂ ಇಲ್ಲ. ಬೇಡ ಅಂದೆ. ಮಲ್ಪೆಯ ಒಬ್ಬರು ಬೋಟಿನ ಡೀಸೆಲ್ ಮತ್ತು ಐಸಿನ ಲೆಕ್ಕ ನೋಡಿಕೊಳ್ಳಲು ಕರೆದರು. ಇಬ್ಬರು ಪಿ.ಟಿ. ಮಾಸ್ಟರ್ ಆಗು ಅಂದರು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಬಗ್ಗೆ ಹೇಳಿದವರನ್ನು ಎಣಿಸಲು ಹೋಗಲಿಲ್ಲ. ಭಾವ ಕೆಲಸದ ಬಗ್ಗೆ ಏನೂ ಕೇಳಲಿಲ್ಲ. "ಕ್ಯಾಂಟೀನ್ ಕಾರ್ಡ್ ಹೋಗ್ಲಿಲ್ವಲ್ಲ?" ಅಂತ ಮಾತ್ರ ಕೇಳಿದರು. ಇಲ್ಲ ಅಂದದ್ದಕ್ಕೆ ನಿಟ್ಟುಸಿರು ಬಿಟ್ಟು ಬೇರೆ ವಿಷಯ ಎತ್ತಿದರು.

ಊರಿನವರ ಸಲಹೆ ನೋಡಿ ನೀವು ನಗಬಹುದು. ಸರಕಾರದ ಸಲಹೆ ನೋಡಿ ಹಾಗಾದರೆ. ಸೇನೆ ಬಿಟ್ಟವರ ಪುನರ್ವಸತಿಗೆ ಒಂದು ನಿರ್ದೇಶನಾಲಯವೇ ಇದೆ. ಒಳ್ಳೆಯ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯ ಇಲ್ಲ. ಐ.ಐ.ಎಂ.ಗಳಲ್ಲಿ 24 ವಾರದ ಮ್ಯಾನೇಜ್‌ಮೆಂಟ್ ಕೋರ್ಸು ಮಾಡಿಸುತ್ತದೆ, ಸೆಕ್ಯುರಿಟಿ ಏಜೆನ್ಸಿಗೆ ನೋಂದಣಿ ಕೊಡುತ್ತದೆ. ಆದರೆ ಉಳಿದ ಪಟ್ಟಿ ಓದುತ್ತಾ ಹೋದ ಹಾಗೆ ನನಗೆ ನಾನು ಯಾವ ದೇಶದಲ್ಲಿದ್ದೇನೆ ಅಂತ ಅನುಮಾನ ಬಂತು. ಕಲ್ಲಿದ್ದಲು ಗಣಿಗಳಲ್ಲಿ ಲೋಡಿಂಗ್ ಮತ್ತು ಸಾಗಣೆ. ದೆಹಲಿ ಸುತ್ತ ಸಿ.ಎನ್.ಜಿ. ಬಂಕ್ ನಿರ್ವಹಣೆ. ಜವಾನರಿಗಾದರೆ ಅದೇ ದೆಹಲಿಯಲ್ಲಿ ಹಾಲಿನ ಬೂತು, ತರಕಾರಿ ಅಂಗಡಿ. ಕುಂಜಿಬೆಟ್ಟಿನಲ್ಲಿ ಕೂತು ಕಲ್ಲಿದ್ದಲು ಎಲ್ಲಿಂದ ತರುವುದು? ಅಮ್ಮನಿಗೆ ಇದನ್ನು ಓದಿ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ, "ಹಾಲಿನ ಬೂತು ಒಳ್ಳೆದಿತ್ತು. ಆ ದನಗಳ ಗುರ್ತ ಉಂಟಲ್ಲ ನಿನಗೆ" ಅಂದರು.

ನನ್ನ ಪಾಡು ನಿಜವಾಗಿ ಅರ್ಥವಾದದ್ದು ಒಬ್ಬರಿಗೇ. ನಮ್ಮ ಓಣಿಯ ಕೊನೆಯ ಮನೆಯ ಕ್ಯಾಪ್ಟನ್ ಮಾಮ. ಎಂಬತ್ತು ದಾಟಿದೆ. ಸಣ್ಣಂದಿನಿಂದ ಅವರನ್ನು ಕ್ಯಾಪ್ಟನ್ ಮಾಮ ಅಂತ ಕರೆದು ಅಭ್ಯಾಸ. ಅವರು ಬ್ಯಾಂಕಿನಲ್ಲಿದ್ದದ್ದು ಗೊತ್ತಿತ್ತು. ಕ್ಯಾಪ್ಟನ್ ಯಾಕೆ ಅಂತ ಯೋಚಿಸಿರಲಿಲ್ಲ, ಬ್ಯಾಂಕಿನ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಇರಬೇಕು ಅಂತ ಅಂದಾಜು. ಲಾಕ್‌ಡೌನಿನಲ್ಲಿ ಒಂದು ಸಂಜೆ ಅವರ ಜಗಲಿಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು ಕೂತೆವು.

"ನಿನಗೆ ಹತ್ತು ವರ್ಷ ಕೊಟ್ರಲ್ಲ. ನನಗೆ ಐದೂ ಸರಿಯಾಗಿ ಕೊಡ್ಲಿಲ್ಲ" ಅಂದರು.

ಅವರು ಎಮರ್ಜೆನ್ಸಿ ಕಮಿಷನ್ಡ್ ಆಫೀಸರ್. 1962ರಲ್ಲಿ ಚೀನಾದ ಜತೆ ಯುದ್ಧ ಆದಾಗ ಸೇನೆಗೆ ಕಿರಿಯ ಆಫೀಸರ್‌ಗಳು ಸಾಲಲಿಲ್ಲ. ಮದ್ರಾಸಿನಲ್ಲೂ ಪುಣೆಯಲ್ಲೂ ತರಬೇತಿ ಶಾಲೆ ತೆರೆದು, ಕಾಲೇಜು ಮುಗಿಸಿದ ಹುಡುಗರನ್ನು ತಿಂಗಳುಗಳಲ್ಲೇ ಸೆಕೆಂಡ್ ಲೆಫ್ಟಿನೆಂಟ್ ಮಾಡಿ ಕಳಿಸಿದರು. ನಾನು ಕಲಿತ ಓ.ಟಿ.ಎ.ಯ ಮೂಲವೂ ಅದೇ ಮದ್ರಾಸಿನ ಶಾಲೆ. 1965ರ ಯುದ್ಧದಲ್ಲಿ ಈ ಹುಡುಗರು ಹೋರಾಡಿದರು. ಆಮೇಲೆ ಸೇನೆ ಲೆಕ್ಕ ಮಾಡಿದಾಗ ಇಷ್ಟೊಂದು ಜನ ಬೇಡ ಅನ್ನಿಸಿತು. "ಎಮರ್ಜೆನ್ಸಿ ಮುಗೀತು. ಎಮರ್ಜೆನ್ಸಿ ಶುರುವಾದ್ದು ನಮಗೆ" ಅಂದರು ಮಾಮ.

ಆಗ ಸರಕಾರ ಇವರನ್ನು ಸುಮ್ನೆ ಬಿಡಲಿಲ್ಲ. ಐ.ಎ.ಎಸ್., ಐ.ಪಿ.ಎಸ್.ಗಳಲ್ಲಿ ಇವರಿಗೆ ಅಂತ ಸ್ವಲ್ಪ ಹುದ್ದೆ ಮೀಸಲಿಟ್ಟಿತು. 1965ರ ಡಿಸೆಂಬರ್ 1ರಂದು ಹುಟ್ಟಿದ ಬಿ.ಎಸ್.ಎಫ್.ಗೂ ಕೆಲವರು ಹೋದರು. ಮಾಮ ಪರೀಕ್ಷೆ ಬರೆದರು. "ಯುದ್ಧ ಮಾಡಿ ಬಂದವನಿಗೆ ಯುದ್ಧದ ಪ್ರಶ್ನೆ ಕೇಳ್ತಾರೆ ಅಂತ ಗ್ರಹಿಸಿದ್ದೆ. ಪಾಣಿಪತ್ ಕೇಳಿದ್ರು. ನಾನು ಇದ್ದದ್ದು ಖೇಮ್‌ಕರಣ್ ಹತ್ರ." ಪಾಸಾಗಲಿಲ್ಲ. ಊರಿಗೆ ಬಂದು ಇಲ್ಲಿಯದೇ ಒಂದು ಬ್ಯಾಂಕಿಗೆ ಸೇರಿದರು. ಮೊದಲ ಆರು ತಿಂಗಳು ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಗೆ ಬಂದರೆ ಎದ್ದು ನಿಂತು ಅಟೆನ್ಶನ್ ಆಗುತ್ತಿದ್ದರಂತೆ. ಮ್ಯಾನೇಜರ್ ಹೆದರಿ ಹಿಂದಿನ ಬಾಗಿಲಿನಿಂದ ಓಡಾಡಲು ಶುರುಮಾಡಿದರಂತೆ.

2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ಐದರಲ್ಲಿ ಮೂರರ ಬೋರ್ಡು ಹೋಯಿತು. ಅದರಲ್ಲಿ ಮಾಮನ ಬ್ಯಾಂಕೂ ಒಂದು. ಪಿಂಚಣಿಯ ಹೊಸ ಪಾಸ್‌ಬುಕ್ ತೋರಿಸಿ, "ಸೇನೆ ನನ್ನನ್ನು ಮಾತ್ರ ಕಳಿಸಿತ್ತು. ಇದು ತಾನೇ ಹೋಯ್ತು ನೋಡು" ಅಂತ ನಕ್ಕರು. ಇಂಥ ನಗು ಎರಡು ಸಲ ಕಳಕೊಂಡವರಿಗೆ ಮಾತ್ರ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ನನಗೆ ಆಗ ಇನ್ನೂ ಬರುತ್ತಿರಲಿಲ್ಲ.

ಕೋರ್ಸ್‌ಮೇಟುಗಳ ವಾಟ್ಸಾಪ್ ಗುಂಪಿನಲ್ಲಿ ಆ ಸಮಯದಲ್ಲಿ ಒಂದು ಸುಳ್ಳು ಫಾರ್ಮು ಓಡಾಡುತ್ತಿತ್ತು. "ಹೆಚ್ಚುವರಿ ಆಫೀಸರ್‌ಗಳ ವರ್ಗಾವಣೆ ಆಯ್ಕೆ ಪತ್ರ." ನಾವೇ ಸೇರಿಸುತ್ತಾ ಸೇರಿಸುತ್ತಾ ಉದ್ದ ಮಾಡಿದ್ದು. ನೌಕಾಪಡೆಗೆ ಹೋಗುವವರು: ಈಜು ಬರುತ್ತದೆಯೇ? ಬಾರದಿದ್ದರೆ ಹಡಗಿನಿಂದ ಇಳಿಯಬಾರದು ಎಂಬ ಮುಚ್ಚಳಿಕೆ ಬರೆದುಕೊಡುವುದು. ವಾಯುಪಡೆಗೆ: ಏ.ಸಿ. ರೂಮಿನಲ್ಲಿ ಮಲಗಿ ಅಭ್ಯಾಸ ಇಲ್ಲದವರಿಗೆ ಆರು ವಾರದ ತರಬೇತಿ ಕಡ್ಡಾಯ. ಕಾರ್ಪೊರೇಟಿಗೆ: "ಆಗುವುದಿಲ್ಲ" ಎಂಬುದನ್ನು ನಲವತ್ತು ಸ್ಲೈಡುಗಳಲ್ಲಿ ಹೇಳಲು ಬರುತ್ತದೆಯೇ? ನಾನು ಸೇರಿಸಿದ್ದು ಒಂದೇ ಸಾಲು. ಡೇರಿಗೆ: ದಯವಿಟ್ಟು ಅರ್ಜಿ ಹಾಕಬೇಡಿ, ನಿಮಗಿಂತ ಅರ್ಹರು ಈಗಾಗಲೇ ಸೇರಿದ್ದಾರೆ.

ಅಮೆರಿಕದಲ್ಲಿ ಇಂಥದ್ದೊಂದು ನಿಜವಾಗಿಯೂ ನಡೆದಿದೆ. 2004ರಲ್ಲಿ ಅಲ್ಲಿಯ ವಾಯುಪಡೆಯಲ್ಲೂ ನೌಕಾಪಡೆಯಲ್ಲೂ ಜನ ಜಾಸ್ತಿ, ಇರಾಕ್ ಯುದ್ಧದಲ್ಲಿದ್ದ ಭೂಸೇನೆಗೆ ಜನ ಕಮ್ಮಿ. "ಬ್ಲೂ ಟು ಗ್ರೀನ್" ಅಂತ ಒಂದು ಯೋಜನೆ ಮಾಡಿದರು. ನೀಲಿ ಬಟ್ಟೆ ಬಿಚ್ಚಿ ಹಸಿರು ಹಾಕಿಕೊಳ್ಳಿ ಅಂತ. ಕಾಗದದ ಮೇಲೆ ಎಷ್ಟು ಸುಲಭ ಅಲ್ವಾ? ಬಡಗುತಿಟ್ಟು ಯಕ್ಷಗಾನದ ಕಲಾವಿದನನ್ನು ತೆಂಕುತಿಟ್ಟಿಗೆ ಕಳಿಸಿದ ಹಾಗೆ. ಕಿರೀಟ ಬೇರೆ, ಚೆಂಡೆ ಬೇರೆ, ಹೆಜ್ಜೆ ಬೇರೆ. ಪ್ರಸಂಗ ಮಾತ್ರ ಅದೇ. ರಂಗಸ್ಥಳಕ್ಕೆ ಬಂದ ಮೇಲೆ ಕಾಲು ಯಾವುದನ್ನು ನಂಬಬೇಕು? 2014ರಲ್ಲಿ ಅದೇ ದೇಶ ಭೂಸೇನೆಯಿಂದಲೇ ಸಾವಿರಕ್ಕೂ ಜಾಸ್ತಿ ಕ್ಯಾಪ್ಟನ್‌ಗಳನ್ನು ಮನೆಗೆ ಕಳಿಸಲು ಆರಿಸಿತು. ಅವರಲ್ಲಿ ಕೆಲವರು ಆ ಹೊತ್ತಿಗೆ ಅಫ್ಘಾನಿಸ್ತಾನದಲ್ಲಿದ್ದರು. ಯುದ್ಧಭೂಮಿಯಲ್ಲಿ ಇರುವಾಗಲೇ ನೀನು ಹೆಚ್ಚುವರಿ ಅಂತ ಸುದ್ದಿ. ಅದನ್ನು ಓದಿದ ಮೇಲೆ ನನ್ನ ಬಕೆಟ್ಟಿನ ದುಃಖ ಸ್ವಲ್ಪ ಇಳಿಯಿತು.

2022ರ ಜೂನ್ 14ಕ್ಕೆ ಅಗ್ನಿಪಥ ಬಂತು. ನಾಲ್ಕು ವರ್ಷ ಸೇವೆ, ನೂರರಲ್ಲಿ ಹೆಚ್ಚೆಂದರೆ 25 ಜನ ಕಾಯಂ, ಉಳಿದವರ ಕೈಗೆ ಸುಮಾರು 11.71 ಲಕ್ಷದ ಸೇವಾ ನಿಧಿ. ಓಣಿಯ ಒಬ್ಬ ಹುಡುಗ ಬಂದು ಸೇರಲಾ ಅಂತ ಕೇಳಿದ. ಸೇರು ಅಂದೆ. ಅವನಮ್ಮ ಆಮೇಲೆ ಎಂತಕ್ಕೆ ಹೋಗುದು ಅಂತ ಕೇಳಿದರು. ನಾನು ಕ್ಯಾಪ್ಟನ್ ಮಾಮನ ಮನೆ ಕಡೆಗೆ ಕೈ ತೋರಿಸಿ ತಪ್ಪಿಸಿಕೊಂಡೆ.

ಆ ಹೊತ್ತಿಗೆ ನನಗೂ ಒಂದು ಮೇಳ ಸಿಕ್ಕಿತ್ತು. ಅದಕ್ಕೆ ಕಾರಣ ಕಟ್ಟಿಗೆ.

ನಾನು ಊರಿಗೆ ಬಂದ ವರ್ಷ ಉಡುಪಿಯಲ್ಲಿ ಮುಂದಿನ ಪರ್ಯಾಯದ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದರ ತಯಾರಿ ನಡೆಯುತ್ತಿತ್ತು. 2022ರ ಜನವರಿ 18ಕ್ಕೆ ಕೃಷ್ಣಾಪುರ ಮಠದ ಪರ್ಯಾಯ. ಸಣ್ಣಂದಿನಿಂದ ಇದನ್ನು ನೋಡಿದ್ದೇನೆ. ಆದರೆ ರೇಷನ್ ಡಿಪೋ ನಡೆಸಿ ಬಂದವನ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಪರ್ಯಾಯಕ್ಕೆ ಸುಮಾರು ಒಂದು ವರ್ಷ ಇರುವಾಗಲೇ ಬಾಳೆ ಮುಹೂರ್ತ, ಅಂದರೆ ಮುಂದಿನ ವರ್ಷದ ಊಟದ ಎಲೆಗೆ ಈಗಲೇ ಗಿಡ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆಯನ್ನು ಸುಮ್ನೆ ರಾಶಿ ಹಾಕುವುದಿಲ್ಲ, ರಥದ ಆಕಾರದಲ್ಲಿ ಒಟ್ಟುತ್ತಾರೆ. ನಾನು ಆ ಕಟ್ಟಿಗೆ ರಥದ ಎದುರು ಅರ್ಧ ಗಂಟೆ ನಿಂತಿದ್ದೆ. ಗಾಳಿ ಆಡಲು ಸಂದು, ಮಳೆ ಬಂದರೆ ನೀರು ಇಳಿಯಲು ದಾರಿ. ನಮ್ಮ ಸರ್ವಿಸ್ ಕೋರ್‌ನ ಕಾಲೇಜಿನಲ್ಲಿ ಇದನ್ನು ಹೇಳಿಕೊಡಲು ಒಂದು ಪೀರಿಯಡ್ಡು ಬೇಕಾಗುತ್ತಿತ್ತು. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ. ಮೊದಲು ಎರಡೇ ತಿಂಗಳು ಇದ್ದದ್ದನ್ನು ವಾದಿರಾಜರು ಎರಡು ವರ್ಷ ಮಾಡಿದರು. ಅವಧಿ ಮುಗಿದರೆ ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಮುಂದಿನವರ ಕೈಗೆ. ಇನ್ನು ಸರದಿ ಬರುವುದು 14 ವರ್ಷ ಆದ ಮೇಲೆ. ನಾನು ನೋಡಿದ ಹ್ಯಾಂಡಿಂಗ್-ಟೇಕಿಂಗ್ ಓವರ್‌ಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಬಕೆಟ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಚಿಕ್ಕಪ್ಪನ ಮಗನ ಹತ್ತಿರ ಉತ್ಸಾಹದಿಂದ ಹೇಳುತ್ತಿದ್ದೆ. ಅವನದ್ದು ಅಡುಗೆ ಕಾಂಟ್ರಾಕ್ಟು. ಮದುವೆ, ಉಪನಯನ, ದೇವಸ್ಥಾನದ ಅನ್ನಸಂತರ್ಪಣೆ. ಅವನು ತಲೆ ಎತ್ತದೆ, "ನಾಡ್ದು ಬ್ರಹ್ಮಕಲಶಕ್ಕೆ ಮೂರು ಸಾವಿರ ಜನ ಉಂಟು. ಸಾಮಾನಿನ ಲೆಕ್ಕ ಹಾಕಿಕೊಡ್ತಿಯಾ?" ಅಂದ. ಸಂದರ್ಶನ ಮುಗಿಯಿತು.

ಎರಡು ರಾತ್ರಿ ಕೂತು ಲೆಕ್ಕ ಮಾಡಿದೆ. ತಲೆಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಬೇಳೆ, ಇಷ್ಟು ಬೆಲ್ಲ. ಪೋಲಾಗುವುದಕ್ಕೆ ಇಷ್ಟು. ಗುಳ್ಳ ಬದನೆಯ ಕೊದ್ದೆಲು ಅನ್ನುವ ಸಾಂಬಾರಿಗೆ ಮಟ್ಟು ಊರಿನ ಗುಳ್ಳವೇ ಆಗಬೇಕು, ಅದಕ್ಕೆ ಬೇರೆ ಕಾಲಮ್ಮು. ಪ್ರಿಂಟು ತೆಗೆದು ಅಡುಗೆ ಭಟ್ರ ಕೈಗೆ ಕೊಟ್ಟೆ. ಭಟ್ರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ನನಗೆ ಬ್ರಿಗೇಡಿಯರ್ ಎದುರು ನಿಂತ ಹಾಗೆ ಆಗಿತ್ತು.

"ಎಲ್ಲ ಸರಿ ಉಂಟು ಮೇಜರ್ರೇ. ಇದರಲ್ಲಿ ಮಳೆ ಎಲ್ಲಿ ಉಂಟು?"

"ಮಳೆಯಾ?"

"ಮಳೆ ಬಂದ್ರೆ ಸಾವಿರ ಜನ ಕಮ್ಮಿ. ರಾತ್ರಿ ಯಕ್ಷಗಾನದ ಆಟ ಉಂಟಾ? ಆಟ ಇದ್ರೆ ರಾತ್ರಿ ಊಟಕ್ಕೆ ಎಂಟ್ನೂರು ಜಾಸ್ತಿ. ಪಕ್ಕದ ಊರಲ್ಲಿ ಅವತ್ತು ಮದುವೆ ಎಷ್ಟು ಉಂಟು ಅಂತ ಹಾಲ್‌ನವರ ಹತ್ರ ಕೇಳಿದಿರಾ?"

ಕೇಳಿರಲಿಲ್ಲ. ಇದಕ್ಕೆ ಸೇನೆಯಲ್ಲಿ ಇಂಟೆಲಿಜೆನ್ಸ್ ಅಂತ ಬೇರೆಯೇ ಒಂದು ವಿಭಾಗ ಇದೆ. ಭಟ್ರು ಎಲೆ ಅಡಿಕೆ ಹಾಕುತ್ತಾ ಅದನ್ನೂ ತಾವೇ ನೋಡಿಕೊಳ್ಳುತ್ತಾರೆ. ನನ್ನ ಕಾಗದದ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದು ವಾಪಸ್ ಕೊಟ್ಟರು. ಅಕ್ಕಿ ನನ್ನ ಲೆಕ್ಕಕ್ಕಿಂತ ಅರ್ಧ ಮೂಟೆ ಕಮ್ಮಿ, ತೆಂಗಿನಕಾಯಿ ಅರವತ್ತು ಜಾಸ್ತಿ.

ಬ್ರಹ್ಮಕಲಶದ ದಿನ ಮಳೆ ಬರಲಿಲ್ಲ. ಪಕ್ಕದ ಊರಿನ ಒಂದು ಮದುವೆ ಮುಂದೆ ಹೋಗಿತ್ತಂತೆ, ಆ ಜನವೂ ಇಲ್ಲಿಗೇ ಬಂತು. ಚಪ್ಪರದಲ್ಲಿ ಪಂಕ್ತಿಯ ಮೇಲೆ ಪಂಕ್ತಿ. ಒಂದೂವರೆ ಗಂಟೆಯ ಹೊತ್ತಿಗೆ ನಾನು ಒಲೆಯ ಹತ್ತಿರ ಹೋಗಿ ಕೊಪ್ಪರಿಗೆ ಬಗ್ಗಿ ನೋಡಿದೆ. ಪಾಯಸ ತಳ ಹತ್ತಿರ ಬಂದಿದೆ. ಹೊರಗೆ ಇನ್ನೂ ಎರಡು ಪಂಕ್ತಿ ಜನ ನಿಂತಿದ್ದಾರೆ. ನನ್ನ ತಲೆ ಆಗಲೇ ಕಡಿತದ ಲೆಕ್ಕ ಶುರುಮಾಡಿತ್ತು. ಕೊನೆಯ ಪಂಕ್ತಿಗೆ ಪಾಯಸ ಇಲ್ಲ ಅನ್ನುವುದಾ? ಮಕ್ಕಳಿಗೆ, ಹಿರಿಯರಿಗೆ ಮಾತ್ರ ಅನ್ನುವುದಾ? ಯಾರಿಗೆ ಹೇಳುವುದು, ಹೇಗೆ ಹೇಳುವುದು?

ಭಟ್ರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಬಡಿಸುವ ಹುಡುಗನ ಕೈಯಿಂದ ದೊಡ್ಡ ಸೌಟು ತೆಗೆದುಕೊಂಡು ನೀರಿನ ಬಾಲ್ದಿಗೆ ಹಾಕಿದರು. ಗೋಣಿಯ ಮೇಲೆ ಒಗೆದಿದ್ದ ಒಂದು ಸಣ್ಣ ಸೌಟು ಹುಡುಕಿ, ಒರೆಸಿ, ನನ್ನ ಕೈಗೆ ಕೊಟ್ಟರು.

"ಜನ ಕಮ್ಮಿ ಮಾಡ್ಲಿಕ್ಕೆ ಆಗುದಿಲ್ಲ ಮೇಜರ್ರೇ. ಹೋಗಿ, ನೀವೇ ಬಡಿಸಿ. ಎರಡು ಸಲ ಕೇಳಿದವರಿಗೆ ಎರಡು ಸಲ ಹಾಕಿ."

ಬಾಲ್ದಿ ಹಿಡಿದು ಹೊರಟೆ. ತಗಡಿನ ಬಾಲ್ದಿ. ಯಾವ ಲೆಡ್ಜರಿನಲ್ಲೂ ಇಲ್ಲದ್ದು. ಹತ್ತು ವರ್ಷದಲ್ಲಿ ಸಾವಿರಾರು ಜನರ ರೇಷನ್ನಿಗೆ ಸಹಿ ಹಾಕಿದ್ದೇನೆ. ಒಬ್ಬರ ಎಲೆಗಾದರೂ ಕೈಯಾರೆ ಬಡಿಸಿದ ನೆನಪಿಲ್ಲ. ಬಗ್ಗಿ ಬಗ್ಗಿ ಇಪ್ಪತ್ತನೇ ಎಲೆಗೆ ಸೊಂಟ ಹಿಡಿಯಿತು. ಪಂಕ್ತಿಯ ಮಧ್ಯದಲ್ಲಿ ಮಾಸಿದ ಬಿಳಿ ಅಂಗಿ ಹಾಕಿಕೊಂಡು, ನೆಟ್ಟಗೆ ಕೂತಿದ್ದರು ಕ್ಯಾಪ್ಟನ್ ಮಾಮ. ಎಲೆಯ ಮೇಲೆ ಬಿದ್ದ ಪಾಯಸ ನೋಡಿದರು. ನನ್ನ ಕೈಯಲ್ಲಿದ್ದ ಸೌಟು ನೋಡಿದರು.

"ಎಂತ, ಇಲ್ಲಿಯೂ ರೇಷನ್ ಕಡಿತವಾ?"

"ಹೌದು ಮಾಮ. ನಿಮಗೆ ಇನ್ನೊಂದು ಹಾಕ್ತೇನೆ."

"ಹಾಕು. ಐದು ವರ್ಷದ್ದು ಬಾಕಿ ಉಂಟು" ಅಂದರು.

ಇನ್ನೊಂದು ಹಾಕಿದೆ. ಹಿಂದಿನಿಂದ ಭಟ್ರ ಸ್ವರ ಕೇಳಿತು. "ಮೇಜರ್ರೇ, ಮಾತಾಡುದು ಆಮೇಲೆ! ಆ ಸಾಲು ಹಾಗೇ ಉಂಟು!"